ಕಪ್ಪು ಕಾಯಿಯ ‘ಇಂಡಿಯನ್’, ಬಿಳಿ ಕಾಯಿಯ ಸುಲ್ತಾನ್

ಚೆಸ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಆನಂದ್. ಅವರು ಹುಟ್ಟುವುದಕ್ಕೆ ಸುಮಾರು ನಾಲ್ಕು ದಶಕ ಮೊದಲೇ, 1930-31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ, ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು 65 ನಡೆಗಳಲ್ಲಿ ಮಣಿಸಿದ್ದರು. 1916ರಿಂದ 1924ರವರೆಗೆ ಒಂದೂ ಆಟ ಸೋಲದಿದ್ದ ಕಾಪಾಬ್ಲಾಂಕಾ ಕಣ್ರೀ! ಮುಂಬಯಿಗೆ ಬಂದು ಮೂರು ದಶಕವಾದರೂ ಭಾನುವಾರ ಮಣೆ ಹಾಸಿಕೊಂಡು ಈ ಆಟ ಆಡಿ ನೋಡುವ ಚಟ ನನಗೆ ಬಿಟ್ಟಿಲ್ಲ.

ತಮಾಷೆ ನೋಡಿ, ಕಪ್ಪು ಕಾಯಿಯ ಕ್ಯೂಬಾದವರು ಆಡಿದ ಓಪನಿಂಗಿನ ಹೆಸರು ‘ಕ್ವೀನ್ಸ್ ಇಂಡಿಯನ್’. 1850ರ ದಶಕದ ಕಲ್ಕತ್ತೆಯಲ್ಲಿ ಕಾಕ್ರೇನ್ ಎದುರು ಮಹೇಶಚಂದ್ರ ಬ್ಯಾನರ್ಜಿ ಆಡುತ್ತಿದ್ದ ಆಟಗಳಿಂದ ಇಂಥ ಓಪನಿಂಗುಗಳಿಗೆ ‘ಇಂಡಿಯನ್’ ಎಂಬ ಹೆಸರು ಅಂಟಿತು. ಹಳೆಯ ದೇಸಿ ಆಟದಲ್ಲಿ, ನಮ್ಮೂರ ಜಗಲಿಯಲ್ಲಿ ಹಿರಿಯರು ಆಡುತ್ತಿದ್ದ ಹಾಗೆ, ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು, ಕ್ಯಾಸ್ಲಿಂಗ್ ಇರಲಿಲ್ಲ. ಸುಲ್ತಾನ್ ಕಲಿತದ್ದೂ ಆ ಆಟವನ್ನೇ.

ಐದನೆಯ ನಡೆಯಲ್ಲಿ ಅವರು ಮಂತ್ರಿ ಪಕ್ಕದ ಅಂಚಿನ ಕಾಲಾಳನ್ನು ಒಂದೇ ಮನೆ ಸರಿಸಿದರು. ಕಪ್ಪು ಒಂಟೆ ಬಂದು ತಮ್ಮ ಕುದುರೆಯನ್ನು ಕಟ್ಟಿಹಾಕದಿರಲಿ ಅಂತ. ಮುಂದೆ ಪೆಟ್ರೋಸಿಯನ್, ಕ್ಯಾಸ್ಪರೋವ್ ಇದೇ ಸಣ್ಣ ನಡೆಯನ್ನು ದೊಡ್ಡ ಆಯುಧ ಮಾಡಿಕೊಂಡರು.

ಆಟದ ತಿರುವು 21ನೆಯ ನಡೆ. ಕಾಪಾಬ್ಲಾಂಕಾರ ಆನೆ ಬಿಳಿಯ ಮನೆಯೊಳಗೇ ನುಗ್ಗಿ ಚೆಕ್ ಕೊಟ್ಟಿತು. ಕ್ಯಾಸ್ಲಿಂಗ್ ಮಾಡದೇ ನಡುವೆಯೇ ನಿಂತಿದ್ದ ರಾಜ ಒಂದು ಹೆಜ್ಜೆ ಸರಿದ, ಎರಡನೆಯ ಆನೆಯೂ ಬಂತು. ಸುಲ್ತಾನ್ ಮಂತ್ರಿಯನ್ನು ಕೊಟ್ಟು ಎರಡು ಆನೆ ಹೊಡೆದರು! ಆಮೇಲೆ ಸುಮಾರು ನಲವತ್ತು ನಡೆ ಅವಸರವಿಲ್ಲದ ಹಿಂಡುವಿಕೆ. ನನಗಂತೂ ಮಂತ್ರಿ ಬಲಿಗಿಂತ ಈ ತಾಳ್ಮೆಯೇ ಹೆಚ್ಚು ರುಚಿಸುತ್ತದೆ. ಟೂರ್ನಿಯಲ್ಲಿ ಯೂವೆ ಮೊದಲು, ಕಾಪಾಬ್ಲಾಂಕಾ ಎರಡು, ಸುಲ್ತಾನ್ ಮೂರು.

ಅವರನ್ನು 1929ರಲ್ಲಿ ಲಂಡನ್ನಿಗೆ ಕರೆದೊಯ್ದದ್ದು ಸರ್ ಉಮರ್ ಹಯಾತ್ ಖಾನ್. ಆ ಮನೆಯಲ್ಲಿ ಸುಲ್ತಾನ್ ಊಟ ಬಡಿಸುತ್ತಿದ್ದರೆಂದು ಅಮೆರಿಕದ ರೂಬೆನ್ ಫೈನ್ ಬರೆದರು, ‘ಅನಕ್ಷರಸ್ಥ ಆಳು’ ಎಂಬ ಕಥೆ ಬೆಳೆಯಿತು. ಅವರ ಮನೆಯವರು ಇದನ್ನು ಒಪ್ಪುವುದಿಲ್ಲ. 1929, 1932, 1933, ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದವರನ್ನು ಊಟದ ತಟ್ಟೆಯ ಜತೆಗೇ ನೆನೆಯುವುದು ನನಗೂ ಸರಿಬರುವುದಿಲ್ಲ.

1933ರ ಕೊನೆಗೆ ಊರಿಗೆ ಮರಳಿದರು, 1966ರಲ್ಲಿ ಪಾಕಿಸ್ತಾನದ ಸರ್ಗೋಧಾದಲ್ಲಿ ತೀರಿಕೊಂಡರು. ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ!

ಬಿಡುವಿದ್ದಾಗ ಕಪ್ಪು ಕಾಯಿಯ ಕಡೆ ಕೂತು 21ನೆಯ ನಡೆಯವರೆಗೆ ಆಡಿ ನೋಡಿ..... ನೀವೂ ಆ ಆನೆಯನ್ನು ನುಗ್ಗಿಸುತ್ತಿದ್ದಿರಾ?