ಎಷ್ಟು ಕೊಡುತ್ತೆ?

ನಮ್ಮ ಬೀದಿಗಳಲ್ಲಿ ಯಾರಾದರೂ ಹೊಸ ಬೈಕು ತಂದು ಮನೆ ಮುಂದೆ ನಿಲ್ಲಿಸಿದರೆ ನೆರೆಯವರು ಮೊದಲು ಕೇಳುವುದು ಬಣ್ಣದ ಬಗ್ಗೆಯೂ ಅಲ್ಲ, ಬೆಲೆಯ ಬಗ್ಗೆಯೂ ಅಲ್ಲ. "ಎಷ್ಟು ಕೊಡುತ್ತೆ?" ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಜಾವಾ, ಯೆಜ್ಡಿ, ಬುಲೆಟ್‌ಗಳ ಅಭಿಮಾನಿಗಳಿಗೆ ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ಗಾಡಿಯ ಗತ್ತು ಗೊತ್ತಿಲ್ಲದ ಜಿಪುಣರ ಪ್ರಶ್ನೆ ಇದು ಎಂದು ಅವರು ನಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಸ್ವಾತಂತ್ರ್ಯಾನಂತರದ ನಮ್ಮ ದೇಶದಲ್ಲಿ ಸಾಮಾನ್ಯ ಮನುಷ್ಯ ತನ್ನ ಮೊದಲ ಬೈಕನ್ನು ತಾನೇ ಆರಿಸಿಕೊಂಡ ಕಥೆ ಶುರುವಾಗುವುದೇ ಈ ಪ್ರಶ್ನೆಯಿಂದ. ಅದಕ್ಕೆ ಮುಂಚೆಯೂ ಬೈಕು ಕೊಂಡವರಿದ್ದರು. ಆರಿಸಿದವರು ಕಡಿಮೆ.

ಸವಾರ ಎಂಬ ಮಾತು ಫಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದದ್ದು ಕುದುರೆಯ ಮೇಲೆ ಕೂತು. ಕುದುರೆ ಕೊಳ್ಳುವವನು ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಮಾರು ಓಡಿಸಿ ನೋಡುತ್ತಿದ್ದ. 1950-60ರ ದಶಕಗಳಲ್ಲಿ ಬೈಕು ಕೊಳ್ಳಹೊರಟವನಿಗೆ ಅಷ್ಟು ಸ್ವಾತಂತ್ರ್ಯವೂ ಇರಲಿಲ್ಲ. 1951ರ ಕೈಗಾರಿಕಾ ಕಾಯ್ದೆಯ ಅಡಿಯಲ್ಲಿ ಯಾರು ಏನು ತಯಾರಿಸಬೇಕು, ವರ್ಷಕ್ಕೆ ಎಷ್ಟು ತಯಾರಿಸಬೇಕು ಎಂಬುದು ದೆಹಲಿಯ ಕಡತಗಳಲ್ಲಿ ತೀರ್ಮಾನವಾಗುತ್ತಿತ್ತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಬುಲೆಟ್ ಜೋಡಿಸಲು ಶುರು ಮಾಡಿತು. 1960ರಲ್ಲಿ ಮೈಸೂರಿಗೆ ಐಡಿಯಲ್ ಜಾವಾ ಬಂತು. ಅದೇ ದಶಕದಲ್ಲಿ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ವಿನ್ಯಾಸವೊಂದನ್ನು ತಂದು ರಾಜದೂತ್ ಎಂದು ಹೆಸರಿಟ್ಟು ಮಾರಿತು. ಹೊಸ ಸವಾರನ ಮುಂದೆ ಇದ್ದದ್ದು ಹೆಚ್ಚುಕಡಿಮೆ ಈ ಮೂರು ಹೆಸರುಗಳು ಮಾತ್ರ.

ಈ ಮೂರರಲ್ಲಿ ಯಾವುದೂ ಹೊಸಬನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಬುಲೆಟ್ಟು ಸೈನ್ಯ ಮತ್ತು ಪೊಲೀಸರ ಗಾಡಿ. ತೂಕ 160 ಕಿಲೋಗೂ ಮೇಲೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಸ್ಟಾರ್ಟ್ ಮಾಡುವುದೇ ಒಂದು ವಿದ್ಯೆ: ಆಮ್‌ಮೀಟರಿನ ಮುಳ್ಳು ನೋಡಿ, ಡಿಕಂಪ್ರೆಸರ್ ಹಿಡಿದು, ಪಿಸ್ಟನ್ ಸರಿಯಾದ ಜಾಗಕ್ಕೆ ಬಂದಾಗ ಒದೆಯಬೇಕು. ತಪ್ಪಿದರೆ ಕಿಕ್ಕರ್ ತಿರುಗಿ ಮೊಣಕಾಲಿಗೆ ಬಡಿಯುತ್ತಿತ್ತು. ಕಲಿಯುವವನು ಗಾಡಿಯನ್ನು ಆರಿಸುತ್ತಿರಲಿಲ್ಲ, ಗಾಡಿಯೇ ಕಲಿಯುವವನನ್ನು ಆರಿಸುತ್ತಿತ್ತು ಎನ್ನಬಹುದು.

ಸ್ಕೂಟರಿನ ಕಥೆ ಬೇರೆ, ಆದರೆ ನಂಟು ಇದೆ. ಬಜಾಜ್ ಕಂಪನಿಯ ವೆಸ್ಪಾ, 1972ರ ನಂತರ ಚೇತಕ್, ಬೇಕೆಂದವರು ಹೆಸರು ನೋಂದಾಯಿಸಿ, ಅಂಚೆ ಕಚೇರಿಯಲ್ಲಿ ಠೇವಣಿ ಇಟ್ಟು ಕಾಯಬೇಕಿತ್ತು. ಕಾಯುವಿಕೆ ಹತ್ತು ವರ್ಷಕ್ಕೆ ಮುಟ್ಟಿದ್ದೂ ಉಂಟು. ಹೆಸರು ಬರೆಸಿದಾಗ ಮದುವೆಯಾಗದಿದ್ದವನ ಕೈಗೆ ಸ್ಕೂಟರು ಬರುವ ಹೊತ್ತಿಗೆ ಮುಂದೆ ನಿಲ್ಲಿಸಿಕೊಳ್ಳಲು ಒಂದು ಮಗು, ಹಿಂದೆ ಕೂರಲು ಇನ್ನೊಂದು ಇರುತ್ತಿತ್ತು. ಸರ್ಕಾರಿ ನೌಕರರಿಗೆ ಒಂದು ಕೋಟಾ. ವಿದೇಶಿ ವಿನಿಮಯದಲ್ಲಿ ಹಣ ತೆತ್ತವರಿಗೆ ಸರದಿಯಿಂದಲೇ ವಿನಾಯಿತಿ. ಕೊಲ್ಲಿಯಲ್ಲಿ ದುಡಿಯುವ ಅಣ್ಣನೋ ಮಾವನೋ ಇದ್ದವನಿಗೂ, ಊರಲ್ಲೇ ಬೀಡಿ ಕಟ್ಟುವವರ ಮಗನಿಗೂ ನಡುವಿನ ಅಂತರವನ್ನು ಸರ್ಕಾರದ ನಿಯಮವೇ ಹೀಗೆ ಬರೆದಿಟ್ಟಿತ್ತು. ಈ ಸರದಿಯಲ್ಲಿ ನಿಲ್ಲುವ ತಾಳ್ಮೆ ಇಲ್ಲದವರು, ಅಥವಾ ಸ್ವಲ್ಪ ಹೆಚ್ಚು ಕಾಸು ಇದ್ದವರು, ಬೈಕಿನ ಕಡೆ ತಿರುಗುತ್ತಿದ್ದರು.

ಮೈಸೂರಿನ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಮುಂಬಯಿಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ ಸೇರಿ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್‌ನ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಪದ ಅದು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮೈಸೂರಿನ ಗಾಡಿ ಯೆಜ್ಡಿ ಆಯಿತು. ಇರಾನಿನ ಯಜ್ದ್ ನಗರದ ನೆನಪಿನಿಂದ ಈ ಹೆಸರು ಬಂತೆನ್ನುವವರಿದ್ದಾರೆ, ಓಡು ಎಂಬರ್ಥದ ಚೆಕ್ ಪದದಿಂದ ಬಂತೆನ್ನುವವರೂ ಇದ್ದಾರೆ. ಫಾರಸಿ ಬಲ್ಲ ಯಾರಿಗಾದರೂ ಮೊದಲನೆಯದೇ ಹಿತವೆನಿಸೀತು.

250 ಸಿಸಿಯ ಆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು. ಸ್ಟಾರ್ಟ್ ಮಾಡುವ ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಲಿವರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಬೆರಕೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಕಲಿತವನು ಅರ್ಧ ಮೆಕ್ಯಾನಿಕ್ ಆಗುತ್ತಿದ್ದ. ಕೊಡಗಿನ ಏರುದಾರಿಯಲ್ಲಿ, ಮಲೆನಾಡಿನ ಕೆಸರಿನಲ್ಲಿ ಅದು ಒಗ್ಗಿಕೊಂಡಿತು. ತೋಟದವರು, ಕಂಟ್ರಾಕ್ಟರುಗಳು, ಡಾಕ್ಟರು, ಕಾಲೇಜಿನ ಲೆಕ್ಚರರು ಕೊಂಡರು. ಆದರೆ ಅದು ಲೀಟರಿಗೆ ಕೊಡುತ್ತಿದ್ದದ್ದು 30 ಕಿಲೋಮೀಟರಿನ ಆಸುಪಾಸು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದಾಗ, ತಿಂಗಳ ಸಂಬಳದಲ್ಲಿ ಬದುಕುವವನಿಗೆ ಈ ಲೆಕ್ಕ ಹೊಂದುವಂಥದ್ದಾಗಿರಲಿಲ್ಲ. ಊರಿಗೆ ನಾಲ್ಕು ಯೆಜ್ಡಿ ಇದ್ದರೆ ಆ ನಾಲ್ಕೂ ಯಾರವೆಂದು ಸದ್ದು ಕೇಳಿಯೇ ಹೇಳಬಹುದಿತ್ತು. ಇಂದು ನಾವು ಹಾತೊರೆದು ನೆನೆಯುವ ಆ ಸದ್ದಿನ ಇನ್ನೊಂದು ಅರ್ಥ, ಉಳಿದವರೆಲ್ಲ ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ಇದ್ದರು ಎಂಬುದು.

ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರ ಸಣ್ಣ ಎಂಜಿನ್ನಿನ ಗಾಡಿಗಳಿಗೆ ವಿದೇಶಿ ಸಹಯೋಗ ಪಡೆಯಲು ಬಾಗಿಲು ತೆರೆಯಿತು. ಜಪಾನಿನವರು ಒಬ್ಬರ ಹಿಂದೆ ಒಬ್ಬರು ಬಂದರು. 1984ರಲ್ಲಿ ಬೆಂಗಳೂರಿಗೆ ಹತ್ತಿರದ ಹೊಸೂರಿನಿಂದ ಟಿವಿಎಸ್‌ನವರ ಇಂಡ್-ಸುಜುಕಿ. 1985ರಲ್ಲಿ ಹರಿಯಾಣದ ಧಾರುಹೇರಾದಿಂದ ಹೀರೋ ಹೋಂಡಾ ಸಿಡಿ 100. ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ 100. 1986ರಲ್ಲಿ ಕವಾಸಕಿ ಬಜಾಜ್. ಮೊದಲ ಬಾರಿಗೆ ಕೊಳ್ಳುವವನು ಶೋರೂಮಿನಿಂದ ಶೋರೂಮಿಗೆ ನಡೆದು ಹೋಲಿಸಿ ನೋಡುವ ಸ್ಥಿತಿ ಬಂತು.

ಇವುಗಳಲ್ಲಿ ಮೂರು ಟೂ ಸ್ಟ್ರೋಕ್, ಹೋಂಡಾ ಒಂದೇ ಫೋರ್ ಸ್ಟ್ರೋಕ್. ಎಂಜಿನ್ 97.2 ಸಿಸಿ. ಎದೆನಡುಗಿಸುವ ಸದ್ದಿಲ್ಲ, ಆಯಿಲ್ ಬೆರೆಸುವ ಗೋಜಿಲ್ಲ, ಹಗುರ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂದು ಜಾಹೀರಾತು. ಲೀಟರಿಗೆ 80 ಕಿಲೋಮೀಟರ್ ಎಂದು ಕಂಪನಿಯ ಮಾತು. ರಸ್ತೆಯ ಮೇಲೆ ಅಷ್ಟು ಬರದಿದ್ದರೂ ಯೆಜ್ಡಿಯ ದುಪ್ಪಟ್ಟು ಬರುತ್ತಿತ್ತು. ತೆಳ್ಳಗಿನ ಹುಡುಗ ಕೂಡ ಅದನ್ನು ಬೀಳಿಸದೆ ನಿಲ್ಲಿಸಬಲ್ಲವನಾದ. ಪಕ್ಕದೂರಿನ ಶಾಲೆಗೆ ಹೋಗುವ ಮೇಷ್ಟ್ರು, ಹಳ್ಳಿ ಸಂತೆಗಳಿಗೆ ಬಟ್ಟೆ ಗಂಟು ಹೊರುವ ವ್ಯಾಪಾರಿ, ಎಲ್‌ಐಸಿ ಏಜೆಂಟರು ಬೈಕಿನ ಮೇಲೆ ಬಂದದ್ದು ಆಗಲೇ. ಆರ್‌ಎಕ್ಸ್ 100ರ ನೆಗೆತಕ್ಕೆ ಕಾಲೇಜು ಹುಡುಗರು ಮನಸೋತದ್ದು ನಿಜ, ಇಂದಿಗೂ ಸೋಲುತ್ತಾರೆ. ಸಂಸಾರಸ್ಥರು ಮಾತ್ರ ಲೆಕ್ಕ ಹಾಕಿ ಹೋಂಡಾ ಕಡೆ ನಡೆದರು. ಇದೇ ಕಾಲದ ಇನ್ನೊಂದು ಉದಾಹರಣೆ ನೋಡಿ. 1983ರಲ್ಲಿ ಎಸ್ಕಾರ್ಟ್ಸ್ ತಂದ ರಾಜದೂತ್ 350 ಆಗ ಇಲ್ಲಿ ಸಿಗುತ್ತಿದ್ದ ಗಾಡಿಗಳಲ್ಲೇ ಅತಿ ವೇಗದ್ದು. ಎರಡು ಸಿಲಿಂಡರು, ಕುಡಿಯುವ ಪೆಟ್ರೋಲಿಗೆ ಮಿತಿಯಿಲ್ಲ. ದಶಕ ಮುಗಿಯುವ ಹೊತ್ತಿಗೆ ಅದು ನಿಂತೇಹೋಯಿತು. 1994ರಲ್ಲಿ ಸ್ಪ್ಲೆಂಡರ್ ಬಂತು. 2001ರಲ್ಲಿ ಹೀರೋ ಹೋಂಡಾ ಜಗತ್ತಿನಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನ ತಯಾರಿಸುವ ಕಂಪನಿಯಾಯಿತು. "ಎಷ್ಟು ಕೊಡುತ್ತೆ" ಎಂದು ಕೇಳಿದವರ ಕೆಲಸ ಅದು.

ಮೈಸೂರಿನ ಕಾರ್ಖಾನೆ ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಸೋತಿತು. ನಷ್ಟ, ಕಾರ್ಮಿಕ ವಿವಾದ, ಬಿಗಿಯಾಗುತ್ತಿದ್ದ ಹೊಗೆ ನಿಯಮಗಳು ಎಲ್ಲವೂ ಸೇರಿ 1996ರಲ್ಲಿ ಯೆಜ್ಡಿ ತಯಾರಿಕೆ ನಿಂತಿತು. ಅದೇ ವರ್ಷ ಆರ್‌ಎಕ್ಸ್ 100 ಕೂಡ ನಿಂತಿತು. ಯೆಜ್ಡಿ ಅಭಿಮಾನಿಗಳ ಮಾತಿನಲ್ಲಿ ಎಂಜಿನ್ನಿನ ಬಗ್ಗೆ ಬರುವಷ್ಟು ಆ ಕಾರ್ಮಿಕರ ಬಗ್ಗೆ ಬರುವುದಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಆರಿಸುವ ಸ್ವಾತಂತ್ರ್ಯ ಬಂತು, ಸರಿ. ಹಣ ಯಾರದು? ಬ್ಯಾಂಕು, ಫೈನಾನ್ಸ್ ಕಂಪನಿಗಳು ಕಂತಿನ ಸಾಲ ಕೊಡತೊಡಗಿದವು. ಬಡ್ಡಿ ಬೇಡವೆನ್ನುವ ಮನೆಗಳಲ್ಲಿ ಚೀಟಿ ಹಾಕಿ, ಅಮ್ಮನ ಬಳೆ ಮಾರಿ ತಂದರು. ಇನ್ನೊಂದು ದಾರಿಯೂ ಇತ್ತು, ಅದನ್ನು ಬೈಕಿನ ಚರಿತ್ರೆ ಬರೆಯುವವರು ಬಿಟ್ಟುಬಿಡುತ್ತಾರೆ. "ಎಷ್ಟು ಕೊಡುತ್ತೆ" ಎಂದು ಕೇಳುವ ಬಾಯಿಯೇ "ಎಷ್ಟು ಕೊಡ್ತಾರೆ" ಎಂದೂ ಕೇಳುತ್ತಿತ್ತು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದೆ. ಆದರೂ ಎಷ್ಟೋ ಗಂಡಸರ ಮೊದಲ ಬೈಕು ಮಾವನ ದುಡ್ಡಿನದು. ಮೆಹರ್ ಕೊಟ್ಟು ಮದುವೆಯಾಗಬೇಕಾದ ನಮ್ಮ ಹುಡುಗರ ಕಡೆಯವರು ಸಂಕೋಚವಿಲ್ಲದೆ ಕಂಪನಿಯ ಹೆಸರು, ಮಾಡೆಲ್ಲು, ಬಣ್ಣ ಹೇಳಿ ಕಳಿಸಿದ್ದನ್ನು ನಾನು ಕೇಳಿದ್ದೇನೆ. ಆರಿಸಿದವನು ಅಳಿಯ. ಕೊಂಡವನು ಮಾವ. ಮಾವ ಅಂಗಡಿಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ. ಆ ಗಾಡಿಗಾಗಿ ಮನೆಯ ಚಿನ್ನ ಕರಗಿಸಿದ ಹೆಣ್ಣುಮಗಳು ಅದರ ಮೇಲೆ ಕೂರುವುದು ಹಿಂದೆ, ಒಂದೇ ಕಡೆ ಕಾಲು ಹಾಕಿ.

ಹೆಂಗಸರು ಮುಂದೆ ಕೂತದ್ದು ಬೇರೆ ಗಾಡಿಗಳ ಮೇಲೆ. 1972ರ ಲೂನಾ, 1980ರ ಟಿವಿಎಸ್ 50, ಗೇರಿಲ್ಲದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ 1984ರ ಕೈನೆಟಿಕ್ ಹೋಂಡಾ, ಆಮೇಲೆ ಸ್ಕೂಟಿ, 2001ರಲ್ಲಿ ಆಕ್ಟಿವಾ. ನರ್ಸುಗಳು, ಟೀಚರುಗಳು ಇವನ್ನು ತಮ್ಮ ಸಂಬಳದಲ್ಲಿ ಕೊಂಡರು. ಬೈಕಿನ ಜಾಹೀರಾತುಗಳು ಅದರ ನಂತರವೂ ಬಹುಕಾಲ ಗಂಡಸಿನ ತೋಳು ತೋರಿಸುತ್ತಲೇ ಇದ್ದವು.

ಶೋರೂಮಿಗೆ ಹೋಗಲಾರದವನ ಮೊದಲ ಬೈಕು ಸೆಕೆಂಡ್ ಹ್ಯಾಂಡ್. ಅಲ್ಲಿ ಆರಿಸುವವನು ಗ್ಯಾರೇಜಿನ ಉಸ್ತಾದ್. ಆತ ಹಳೆಯ ಕುದುರೆ ಪರೀಕ್ಷಕರ ವಂಶದವನು ಎಂದು ನನ್ನ ಲೆಕ್ಕ. ಡಬಲ್ ಸ್ಟಾಂಡ್ ಹಾಕಿ ಹ್ಯಾಂಡಲ್ ಆಡಿಸಿ ಕೋನ್‌ಸೆಟ್ ನೋಡುತ್ತಾನೆ. ಚೈನು ಎಷ್ಟು ಜೋತಿದೆ ಎಂದು ಬೆರಳಲ್ಲಿ ಎತ್ತುತ್ತಾನೆ. ಫೋರ್ ಸ್ಟ್ರೋಕ್ ಗಾಡಿ ನೀಲಿ ಹೊಗೆ ಬಿಟ್ಟರೆ ರಿಂಗ್ ಹೋಗಿದೆ ಎನ್ನುತ್ತಾನೆ. ಚಾಸಿ ನಂಬರು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಲು ಹೇಳುತ್ತಾನೆ. ಈ ಉಸ್ತಾದ್-ಶಾಗಿರ್ದ್ ಪರಂಪರೆಯಲ್ಲಿ ನಮ್ಮ ಮೊಹಲ್ಲಾಗಳ ಹುಡುಗರು ಬಹಳ. ಸ್ವಂತ ದುಡಿಮೆ, ಅದರಲ್ಲೂ ವಾಹನ ದುರಸ್ತಿಯಂಥ ಕೆಲಸಗಳಲ್ಲಿ ಮುಸ್ಲಿಮರು ಹೆಚ್ಚಾಗಿದ್ದಾರೆಂದು 2006ರ ಸಾಚಾರ್ ವರದಿ ಹೇಳಿತು. ಶಾಲೆ ಬಿಟ್ಟ ಮಗು ಪಾನಾ ಹಿಡಿದು ಕಲಿತ ವಿದ್ಯೆ ಎಂದು ಇದನ್ನು ಹಾಡಿ ಹೊಗಳುವುದು ನನಗೆ ಕಷ್ಟ. ಆ ಮಗು ಶಾಲೆಯಲ್ಲಿರಬೇಕಿತ್ತು. ಆದರೂ ಆ ವಿದ್ಯೆ ನಿಜವಾದದ್ದು. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದ ಮೇಲೆ ಕಾರ್ಬುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು, ದೋಷ ಹುಡುಕಲು ಕಂಪನಿಯ ಸ್ಕ್ಯಾನರ್ ಬೇಕು. ಕಿವಿಯಿಂದ ಎಂಜಿನ್ ಓದುವವನ ಬಳಿ ಹೊಸ ಗಾಡಿಗಳು ಬರುವುದು ಪಂಕ್ಚರಿಗೆ.

ಇವತ್ತು ಮೊದಲ ಬೈಕು ಕೊಳ್ಳುವವರಿಗೆ ಆಯ್ಕೆಯ ಕೊರತೆಯಿಲ್ಲ. ಕಲಿಕಾ ಲೈಸೆನ್ಸ್ ಪಡೆದು 30 ದಿನ ಕಾಯುವುದಷ್ಟೇ ಉಳಿದಿರುವ ಸರದಿ. 2019ರಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಬ್ರೇಕು ಕಡ್ಡಾಯ. ಹೆಲ್ಮೆಟ್ಟು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಕಡ್ಡಾಯ, ಆದರೂ ಕೊಳ್ಳುವ ಪಟ್ಟಿಯಲ್ಲಿ ಅದು ಕೊನೆಯದು. ಲೀಟರಿಗೆ ಎಷ್ಟೆಂದು ಪೈಸೆ ಲೆಕ್ಕ ಹಾಕುವ ನಮ್ಮ ಜನ ಬ್ರೇಕು ಹಾಕಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಕೇಳುವುದಿಲ್ಲ. ಹದಿನೆಂಟು ತುಂಬಿದ ಹುಡುಗನಿಗೆ 200 ಸಿಸಿಯ ಗಾಡಿ ಕೊಡಿಸುವ ತಂದೆಯೂ ಕೇಳುವುದಿಲ್ಲ.

ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು, ಯೆಜ್ಡಿ 2022ರಲ್ಲಿ. ಎರಡೂ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನಿಂದ ನಂಜನಗೂಡು ಕಡೆಗೆ ಹೋದರೆ ಟಿವಿಎಸ್ ಕಾರ್ಖಾನೆ ಇದೆ, ದಿನವೂ ಬಳಸುವ ಗಾಡಿಗಳನ್ನು ಮಾಡುತ್ತದೆ, ಅದರ ಬಗ್ಗೆ ಯಾರೂ ಭಾವುಕರಾಗುವುದಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಅಂದು ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಉಜ್ಜಿ ಹೊಳಪಿಸಿದ ಹಳೆಯ ಗಾಡಿಗಳು ಸಾಲಾಗಿ ಹೊರಡುತ್ತವೆ. ನೋಡಲು ಚೆಂದ. ಅವುಗಳಲ್ಲಿ ಹೆಚ್ಚಿನವನ್ನು ಓಡುವಂತೆ ಇಟ್ಟಿರುವವರು ಅದೇ ಹಳೆಯ ಉಸ್ತಾದರು. ಮರುದಿನ ಸೋಮವಾರ ಆ ಸವಾರರು ಕೆಲಸಕ್ಕೆ ಹೋಗುವುದು ಮನೆಯಲ್ಲಿರುವ ಇನ್ನೊಂದು ಗಾಡಿಯಲ್ಲಿ, ಹೆಚ್ಚು ಕೊಡುವಂಥದ್ದರಲ್ಲಿ.