ಎಡೆದೊರೆನಾಡಿನಲ್ಲಿ ಹೊಗೆಸೊಪ್ಪಿನ ಪ್ರವೇಶವೂ ಪರಿತ್ಯಾಗವೂ

ಕೃಷ್ಣೆ ತುಂಗಭದ್ರೆಗಳ ನಡುವಣ ಭೂಭಾಗಕ್ಕೆ ಶಾಸನಗಳಲ್ಲಿ ಎಡೆದೊರೆನಾಡೆಂದು ಹೆಸರು. ಈಗಿನ ರಾಯಚೂರು, ಮಾನ್ವಿ, ದೇವದುರ್ಗಗಳು ಇದರೊಳಗೇ ಇರುವುವು. ಈ ನಾಡಿನ ಚರಿತ್ರೆ ಎಂದೊಡನೆ ಕೋಟೆಗಳೂ ಕಾಳಗಗಳೂ ನೆನಪಿಗೆ ಬರುವುದು ಸಹಜ. ಆದರೆ ಜನರ ನಿತ್ಯದ ರೂಢಿಗಳಿಗೂ ಒಂದು ಚರಿತ್ರೆಯುಂಟು. ಹೊಗೆಸೊಪ್ಪಿನ ಸೇವನೆ ಅಂಥ ರೂಢಿಗಳಲ್ಲೊಂದು. ಅದು ಇತ್ತ ಬಂದ ಕಾಲವನ್ನು ಹೆಚ್ಚುಕಡಿಮೆ ಖಚಿತವಾಗಿಯೇ ಹೇಳಬಹುದು. ಅದನ್ನು ಬಿಟ್ಟವರ, ಬಿಡಿಸಿದವರ ವೃತ್ತಾಂತಕ್ಕೆ ಸಾಧನಗಳು ಅಲ್ಲಲ್ಲಿ ಚದರಿಕೊಂಡಿವೆ. ಎರಡನ್ನೂ ಕೂಡಿಸಿ ನೋಡಿದಲ್ಲಿ, ಈ ಸೊಪ್ಪು ಸಹವಾಸದಿಂದ ಹರಡಿತೆಂಬುದೂ, ಅರಸರ ಆಜ್ಞೆಗೆ ಬಗ್ಗದೆ ಮರಳಿ ಸಹವಾಸದ ಬಲಕ್ಕೇ ಬಗ್ಗಿತೆಂಬುದೂ ತಿಳಿದುಬರುತ್ತದೆ.

ಧೂಮಪಾನವೆಂಬ ಶಬ್ದ ಹಳೆಯದು, ವಸ್ತು ಹೊಸದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಧೂಮವರ್ತಿಯನ್ನು ಸಿದ್ಧಪಡಿಸುವ ಕ್ರಮವೂ ಅದನ್ನು ಸೇದತಕ್ಕ ಕಾಲಗಳೂ ಹೇಳಲ್ಪಟ್ಟಿವೆ. ಸುಗಂಧದ್ರವ್ಯಗಳನ್ನು ಅರೆದು ಬತ್ತಿಮಾಡಿ ಸೇದುವ ಆ ಚಿಕಿತ್ಸೆಗೂ ಹೊಗೆಸೊಪ್ಪಿಗೂ ಯಾವ ಸಂಬಂಧವೂ ಇಲ್ಲ. ಹೊಗೆಸೊಪ್ಪು ಅಮೇರಿಕಾ ಖಂಡದ ಗಿಡ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ತಾಂಬೂಲವನ್ನು ಎಷ್ಟೋ ಕೊಂಡಾಡಿದ್ದಾನೆ. ಹೊಗೆಸೊಪ್ಪಿನ ಸುದ್ದಿ ಅವನಲ್ಲಿಲ್ಲ, ಇರುವಂತೆಯೂ ಇರಲಿಲ್ಲ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೋವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನು ಕೆಲವು ಕೋವಿಕಾರರೊಡನೆ ರಾಯನಿಗೆ ನೆರವಾದನು. ಆ ಪರದೇಶೀಯರು ಅಂದು ಕೋಟೆಯ ಬುಡಕ್ಕೆ ತಂದದ್ದು ಕೋವಿಯ ಹೊಗೆಯೊಂದನ್ನೇ. ಇನ್ನೊಂದು ಬಗೆಯ ಹೊಗೆ ಅವರ ಹಡಗುಗಳಲ್ಲಿ ಪಡುವಣ ಕರಾವಳಿಗೆ ಬಂದಿಳಿದದ್ದು ಅನಂತರ.

ಅದು ಒಳನಾಡಿಗೆ ಬಂದು ನೆಲೆಯೂರಿದ್ದಕ್ಕೆ ಸ್ಪಷ್ಟವಾದ ಸಾಕ್ಷ್ಯ ವಿಜಾಪುರದ್ದೇ ಆಗಿರುವುದು ಗಮನಾರ್ಹ. ಎರಡನೆಯ ಇಬ್ರಾಹಿಂ ಆದಿಲಶಹನ ಆಳಿಕೆಯಲ್ಲಿ (೧೫೮೦-೧೬೨೭) ರಾಯಚೂರು ಆ ರಾಜ್ಯಕ್ಕೆ ಸೇರಿದ್ದಿತು. ೧೬೦೪ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಹೋಗಿದ್ದ ಅಸದ್ ಬೇಗನು, ತಾನು ಉತ್ತರದಲ್ಲಿ ಎಲ್ಲಿಯೂ ಕಾಣದ ಈ ಸೊಪ್ಪನ್ನು ಅಲ್ಲಿ ಕಂಡು ಬೆರಗಾದನಂತೆ. ಹಿಂದಿರುಗುವಾಗ ರತ್ನಖಚಿತವಾದ ಕೊಳವೆಯೊಂದನ್ನೂ, ಚಿನ್ನದ ಚಿಲುಮೆಯನ್ನೂ ಅಣಿಮಾಡಿಸಿ, ಆದಿಲಶಹನೇ ಉಡುಗೊರೆಯಾಗಿ ಕೊಟ್ಟಿದ್ದ ಅಂದವಾದ ಎಲೆಯಡಿಕೆಯ ಚೀಲದಲ್ಲಿ ಉತ್ತಮವಾದ ಹೊಗೆಸೊಪ್ಪನ್ನು ತುಂಬಿಕೊಂಡು ಹೋದನು. ತಾಂಬೂಲದ ಚೀಲದಲ್ಲಿ ಹೊಗೆಸೊಪ್ಪು! ಸಾವಿರ ವರ್ಷಗಳಿಂದ ಮರ್ಯಾದೆಯ ದ್ರವ್ಯವಾಗಿದ್ದ ವೀಳ್ಯದ ಜಾಡನ್ನೇ ಹಿಡಿದು ಈ ಹೊಸ ಸೊಪ್ಪು ಮನೆಮನೆಯನ್ನು ಹೊಕ್ಕಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಮುಂದಿನ ಕಥೆಯೂ ಸ್ವಾರಸ್ಯವಾಗಿದೆ. ಅಕ್ಬರನು ಕುತೂಹಲದಿಂದ ಎರಡು ಮೂರು ಸಲ ಎಳೆದನು. ಹಕೀಮನು ಕಳವಳಗೊಂಡು ತಡೆದನು. ತನ್ನ ಗ್ರಂಥಗಳಲ್ಲಿ ಹೇಳದ ವಸ್ತುವನ್ನು ದೊರೆಗೆ ಕೊಡುವುದು ಹೇಗೆಂಬುದು ಅವನ ಆಕ್ಷೇಪ. ಅಸದ್ ಬೇಗನು ಎದುರುವಾದ ಹೂಡಿದನು. ಕಡೆಗೆ ಬಾದಶಹನು ಆ ರೂಢಿಯನ್ನು ಹಿಡಿಯಲಿಲ್ಲ. ಆದರೆ ಅಸದ್ ಬೇಗನು ಸರದಾರರಿಗೆ ಸ್ವಲ್ಪ ಸ್ವಲ್ಪವಾಗಿ ಹಂಚಿದನು, ಒಬ್ಬರನ್ನು ನೋಡಿ ಒಬ್ಬರು ಬೇಡಿದರು, ವರ್ತಕರು ಮಾರತೊಡಗಿದರು. ಬಲ್ಲವನೊಬ್ಬನು ಪಕ್ಕದಲ್ಲಿದ್ದು ಬೇಡವೆಂದದ್ದರಿಂದ ಒಬ್ಬನು ಉಳಿದುಕೊಂಡನು; ಹಾಗೆ ಹೇಳುವವರಿಲ್ಲದ ಅನೇಕರು ಸಿಕ್ಕಿಬಿದ್ದರು. ಈ ಪ್ರಬಂಧದ ವಿಷಯವೆಲ್ಲ ಆ ಒಂದು ದಿನದ ದರ್ಬಾರಿನಲ್ಲಿಯೇ ಬೀಜರೂಪವಾಗಿ ಇದೆಯೆನ್ನಬಹುದು.

ಅರಸರ ಆಜ್ಞೆಯ ಫಲವೇನಾಯಿತು? ಅದೇ ೧೬೦೪ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನು ಹೊಗೆಸೊಪ್ಪನ್ನು ಖಂಡಿಸಿ ಪುಸ್ತಕವನ್ನೇ ಬರೆದನು. ಪ್ರಜೆಗಳು ಸೇದುತ್ತಲೇ ಇದ್ದರು. ೧೬೧೭ರಲ್ಲಿ ಜಹಾಂಗೀರನು ತನ್ನ ರಾಜ್ಯದಲ್ಲಿ ಇದನ್ನು ನಿಷೇಧಿಸಿದನು. ಇರಾನದ ಶಹ ಅಬ್ಬಾಸನೂ ನಿಷೇಧಿಸಿದ್ದನು. ಜಹಾಂಗೀರನು ಆ ಶಹನ ಬಳಿಗೆ ಕಳುಹಿದ ರಾಯಭಾರಿ ಖಾನ್ ಆಲಮನಿಗೋ ಹೊಗೆಯಿಲ್ಲದೆ ಕ್ಷಣಕಾಲವೂ ಸಾಗದು! ಶಹನು ಕನಿಕರಿಸಿ ಅವನೊಬ್ಬನಿಗೆ ವಿನಾಯಿತಿ ಕೊಡಬೇಕಾಯಿತೆಂದು ಜಹಾಂಗೀರನೇ ತನ್ನ ಆತ್ಮವೃತ್ತದಲ್ಲಿ ಬರೆದುಕೊಂಡಿದ್ದಾನೆ. ಇಬ್ಬರು ಚಕ್ರವರ್ತಿಗಳ ಶಾಸನ ಒಬ್ಬ ಚಟಗಾರನ ಮುಂದೆ ಸೋತಿತು.

ಇಲ್ಲಿ ಭಾಷೆಯ ಸಾಕ್ಷ್ಯವನ್ನೂ ಕೇಳಬಹುದು. ಜೈನಗ್ರಂಥಗಳು ಎಣಿಸುವ ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿಲ್ಲ. ಪಟ್ಟಿ ಸಿದ್ಧವಾದ ಎಷ್ಟೋ ಶತಮಾನಗಳ ಮೇಲೆ ಅದು ಬಂದಿತಷ್ಟೆ. ಯೋಗರತ್ನಾಕರವೆಂಬ ಈಚಿನ ವೈದ್ಯಗ್ರಂಥದಲ್ಲಿ ತಮಾಖುವಿನ ಪ್ರಸ್ತಾಪ ಬರುತ್ತದೆ. ತತ್ತ್ವಪದಕಾರರು ಗುಡಗುಡಿಯನ್ನು ಯೋಗಸಾಧನೆಗೆ ರೂಪಕವಾಗಿಯೂ ಬಳಸಿಕೊಂಡರು. ಊರ ಜಗಲಿಯಲ್ಲಿ ಎಲ್ಲರೂ ಬಲ್ಲ ವಸ್ತುವಾಗಿದ್ದರಲ್ಲವೆ ರೂಪಕವಾಗುವುದು! ವ್ಯಸನವೆಂಬ ಶಬ್ದಕ್ಕೆ ಕನ್ನಡದಲ್ಲಿ ದುಃಖವೆಂಬ ಅರ್ಥವೂ ಉಂಟು, ಬಿಡಲಾರದ ಚಾಳಿಯೆಂಬ ಅರ್ಥವೂ ಉಂಟು. ಚಟ ‘ಅಂಟಿತು’, ‘ಹತ್ತಿತು’ ಎನ್ನುವಾಗ ಚಟವೇ ಕರ್ತೃಪದ. ಮನುಷ್ಯನು ಸುಮ್ಮನೆ ಅದಕ್ಕೆ ಗುರಿಯಾದವನು. ‘ಬಿಟ್ಟನು’ ಎನ್ನುವಾಗ ಮನುಷ್ಯನು ಕರ್ತೃವಾಗುತ್ತಾನೆ. ಈ ಎರಡರ ನಡುವೆ ‘ಬಿಡಿಸಿದರು’ ಎಂಬ ಪ್ರೇರಣಾರ್ಥಕ ರೂಪವಿದೆ. ಸೆರೆಯಾಳನ್ನು ಬಿಡಿಸುವುದಕ್ಕೂ ಅದೇ ಮಾತು.

ಈ ನಾಡಿನಲ್ಲಿ ಬಿಡಿಸುವವರ ಪರಂಪರೆ ಹೊಗೆಸೊಪ್ಪಿಗಿಂತ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಬೇಯಿಸಲೊಪ್ಪದೆ, ಮರಳಿ ಸುರಿದು ಬರುವಂತೆ ಮಾಡಿದಳು. ಮಾನ್ವಿ ದೇವದುರ್ಗಗಳ ಹರಿದಾಸರ ವೃತ್ತಾಂತದಲ್ಲಿ ಇದೇ ಭಾವ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಮಾನ್ವಿಯ ಸೀಮೆಯ ಬ್ಯಾಗವಟ್ಟಿಯಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಪ್ರಕಾಂಡ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರವಿಯ ವಿಜಯದಾಸರು (೧೬೮೨-೧೭೫೫) ಆದರದಿಂದ ಕರೆದಾಗ ನೆಪವೊಡ್ಡಿ ನಿರಾಕರಿಸಿದರೆಂದೂ, ಅನಂತರ ಕಠಿನವಾದ ಉದರವ್ಯಾಧಿಗೆ ಗುರಿಯಾದರೆಂದೂ, ವಿಜಯದಾಸರು ಅವರನ್ನು ದೇವದುರ್ಗದ ಸೀಮೆಯ ಮೊಸರಕಲ್ಲಿನವರಾದ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿದರೆಂದೂ, ಗುರುವಿನ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಸಂಪ್ರದಾಯ ಹೇಳುತ್ತದೆ. ಆ ಪಂಡಿತರೇ ಮುಂದೆ ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರು (೧೭೨೮-೧೮೦೯).

ಆಯುರ್ದಾನವನ್ನು ಐತಿಹಾಸಿಕ ಘಟನೆಯೆಂದು ಎಣಿಸುವುದೂ ಬಿಡುವುದೂ ವಾಚಕರ ಶ್ರದ್ಧೆಗೆ ಸೇರಿದ್ದು. ಇಲ್ಲಿ ಬೇಕಾದದ್ದು ಕಥೆಯ ಘಟನೆ ಅಲ್ಲ, ಅದರ ಕಟ್ಟು. ಅಹಂಕಾರವೆಂಬ ವ್ಯಸನವನ್ನು ಆ ವಿದ್ವಾಂಸರು ತಮ್ಮ ವಿದ್ಯೆಯಿಂದ ಬಿಡಲಾರದೆ ಹೋದರು. ಬಿಡಿಸಿದವರು ನಿಂದಿಸಲಿಲ್ಲ, ದಂಡಿಸಲಿಲ್ಲ. ತಮ್ಮದನ್ನೇ ಕೊಟ್ಟು ಅವರ ಹೊರೆಯಲ್ಲಿ ಪಾಲುಗೊಂಡರು. ಮಾನ್ವಿಯಲ್ಲಿ ಜಗನ್ನಾಥದಾಸರ ಸನ್ನಿಧಿಗೆ ಬರುವವರೆಲ್ಲರೂ ಈ ಕಥೆಯನ್ನು ಕೇಳಿ ಬೆಳೆದವರೇ.

ಅತ್ತ ಹೊಗೆಸೊಪ್ಪಿನ ಬಳಕೆ ದಿನದಿನಕ್ಕೆ ಸುಲಭವಾಗುತ್ತ ಹೋಯಿತು. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ದಾರಿಯೂ ರಾಯಚೂರಿನಲ್ಲಿ ಕೂಡಿದುವು. ದೂರದ ಸರಕು ಊರಿಗೆ ಬರುವುದು ಸುಗಮವಾಯಿತು. ಆಗ ರಾಯಚೂರು ನಿಜಾಮರ ರಾಜ್ಯದಲ್ಲಿದ್ದಿತು. ಆ ರಾಜ್ಯದ ರಾಜಧಾನಿಯಲ್ಲಿಯೇ ೧೯೩೦ರಲ್ಲಿ ವಜೀರ್ ಸುಲ್ತಾನ್ ಕಂಪೆನಿ ಸ್ಥಾಪಿತವಾಗಿ, ಅದರ ಚಾರ್‌ಮಿನಾರ್ ಸಿಗರೇಟು ದಕ್ಷಿಣದಲ್ಲೆಲ್ಲ ಪ್ರಸಿದ್ಧವಾಯಿತು. ಬಡವರಿಗೆ ಬೀಡಿ, ಚುಟ್ಟ, ಚಿಲುಮೆಗಳು ಇದ್ದೇ ಇದ್ದುವು. ಎಲೆಯಡಿಕೆಯೊಡನೆ ಜಗಿಯುವ ತಂಬಾಕು ಸ್ತ್ರೀಯರಲ್ಲಿಯೂ ಹರಡಿತು. ಆದರೂ ಹಿರಿಯರು ಎದುರಿಗೆ ಬಂದರೆ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುವ ಸಂಕೋಚವನ್ನು ಹಳ್ಳಿಯ ತರುಣರು ಬಿಡಲಿಲ್ಲ. ಸೇದುವುದಕ್ಕೆ ನೆರೆಯವನ ಬೆಂಕಿಕಡ್ಡಿ ಬೇಕು, ಮರೆಮಾಡುವುದಕ್ಕೆ ಹಿರಿಯರ ಕಣ್ಣು ಬೇಕು. ಈ ಚಟದಲ್ಲಿ ಮನುಷ್ಯನು ಎಂದೂ ಒಬ್ಬಂಟಿಗನಲ್ಲ.

ಈ ಸಂಕೋಚವನ್ನು ಒಂದು ಸಂಸ್ಥೆಯನ್ನಾಗಿ ಮಾರ್ಪಡಿಸಿದ ಕೀರ್ತಿ ಇಳಕಲ್ಲಿಗೆ ಸಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಈ ಊರು ಮುದುಗಲ್ಲು ಲಿಂಗಸುಗೂರುಗಳ ನೆರೆಯಲ್ಲಿದ್ದು, ರಾಯಚೂರು ಸೀಮೆಯ ಜನಕ್ಕೆ ಸೀರೆಯಿಂದಲೂ ಮಠದಿಂದಲೂ ಪರಿಚಿತವಾದದ್ದು. ಇಲ್ಲಿಯ ಚಿತ್ತರಗಿ ಸಂಸ್ಥಾನಮಠದ ಪೀಠಾಧಿಪತಿಗಳಾಗಿದ್ದ ಮಹಾಂತಶಿವಯೋಗಿಗಳು (೧೯೩೦-೨೦೧೮) ೧೯೭೫ರಲ್ಲಿ ಹೊಸದೊಂದು ಭಿಕ್ಷೆಗೆ ಹೊರಟರು. ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು ತಮ್ಮ ಜೋಳಿಗೆಗೆ ಹಾಕಿರೆಂದು ಮನೆಮನೆಯ ಮುಂದೆ ಕೇಳಿದರು. ಊರವರು ಬೀಡಿ, ಸಿಗರೇಟು, ತಂಬಾಕಿನ ಚೀಟಿಗಳನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟೆವೆಂದು ಎಲ್ಲರೆದುರಿಗೆ ಮಾತುಕೊಟ್ಟರು. ‘ಮಹಾಂತ ಜೋಳಿಗೆ’ ಎಂದು ಇದು ಹೆಸರಾಯಿತು.

ಇದರ ಯುಕ್ತಿಯನ್ನು ಸ್ವಲ್ಪ ನಿಂತು ನೋಡಬೇಕು. ಜಂಗಮರ ಜೋಳಿಗೆಯೂ ದಾಸರ ಗೋಪಾಳಬುಟ್ಟಿಯೂ ಈ ನಾಡಿನ ಹೊಸ್ತಿಲುಗಳಿಗೆ ಹಳೆಯ ಅತಿಥಿಗಳು. ಬಾಗಿಲಿಗೆ ಬಂದ ಜೋಳಿಗೆಯನ್ನು ಬರಿದಾಗಿ ಕಳುಹುವುದು ಗೃಹಸ್ಥನಿಗೆ ಅಪಕೀರ್ತಿ. ಉಪದೇಶ ಮಾಡುವವನು ಮೇಲೆ ನಿಲ್ಲುತ್ತಾನೆ, ಕೇಳುವವನು ಕೆಳಗೆ ಕುಳಿತು ಅಪರಾಧಿಯಾಗುತ್ತಾನೆ. ಭಿಕ್ಷೆಯಲ್ಲಿ ಈ ಕ್ರಮ ತಿರುಗುಮುರುಗಾಯಿತು: ಸ್ವಾಮಿಗಳು ಬೇಡುವವರಾದರು, ಬೀಡಿ ಸೇದುವ ಕೂಲಿಗಾರನು ದಾನಿಯಾದನು. ಕೊಟ್ಟ ದಾನವನ್ನು ಮರಳಿ ತೆಗೆದುಕೊಳ್ಳುವುದಂತೂ ಆಗದ ಮಾತು. ಹೀಗೆ ಮಾನಭಂಗವಿಲ್ಲದೆ ಚಟವನ್ನು ಕಳಚುವ ದಾರಿಯೊಂದು ತೆರೆಯಿತು. ಜಹಾಂಗೀರನ ಆಜ್ಞೆಗೂ ಇದಕ್ಕೂ ಇರುವ ಅಂತರ ಇಲ್ಲಿಯೇ.

ಹಾಗೆಂದು ಜೋಳಿಗೆಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಲಾಗದು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಮೆದುಳನ್ನು ತನಗೆ ಒಗ್ಗಿಸಿಕೊಂಡಿರುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ಸಿಡುಕು, ನಿದ್ರಾಭಂಗ, ತಳಮಳಗಳು ತುದಿಗೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಮರಳಿ ಹಿಡಿಯುವವರಲ್ಲಿ ಬಹುಮಂದಿ ಈ ಅವಧಿಯಲ್ಲಿಯೇ ಹಿಡಿಯುತ್ತಾರೆ. ಸ್ವಾಮಿಗಳ ಸವಾರಿ ಮುಂದಿನ ಊರಿಗೆ ಹೋದ ಮೇಲೆ ಆ ಮೂರನೆಯ ದಿನದ ಸಂಜೆ ಅವನ ಬಳಿ ಇರತಕ್ಕವರು ಹೆಂಡತಿ, ಮಕ್ಕಳು, ಗೆಳೆಯರು. ವ್ರತದ ಉಳಿವು ಅಳಿವು ಅವರ ಕೈಯಲ್ಲಿದೆ. ಎಲ್ಲರೆದುರಿಗೆ ಕೊಟ್ಟ ಮಾತು ಇಲ್ಲಿಯೇ ಫಲಕಾರಿಯಾಗುವುದು: ಅವನು ಬಿಟ್ಟಿರುವನೆಂಬುದು ಓಣಿಗೆಲ್ಲ ಗೊತ್ತು, ಆದುದರಿಂದ ಚಹದ ಅಂಗಡಿಯಲ್ಲಿ ಬೀಡಿ ಚಾಚುವ ಕೈ ತಾನಾಗಿ ಹಿಂಜರಿಯುತ್ತದೆ. ಒಂದು ವೇಳೆ ತಪ್ಪಿದವನನ್ನು ಓಣಿ ಹಂಗಿಸಿದರೆ ಅವನು ಮರೆಯಲ್ಲಿ ಸೇದುವನು. ಮತ್ತೊಮ್ಮೆ ಜೋಳಿಗೆ ಒಡ್ಡಿದರೆ ಮತ್ತೊಮ್ಮೆ ಹಾಕುವನು.

ದೂರದೇಶದ ಅನ್ವೇಷಣೆಯೊಂದು ಇದಕ್ಕೆ ಪುಷ್ಟಿಕೊಡುತ್ತದೆ. ಅಮೇರಿಕೆಯ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಅಧ್ಯಯನಕ್ಕೆ ಸೇರಿದ ೧೨,೦೬೭ ಮಂದಿಯ ಬಳಗವನ್ನು ೧೯೭೧ರಿಂದ ೨೦೦೩ರವರೆಗೆ ಪರಿಶೀಲಿಸಿ, ನಿಕೊಲಸ್ ಕ್ರಿಸ್ಟಾಕಿಸ್, ಜೇಮ್ಸ್ ಫೌಲರ್ ಎಂಬ ವಿದ್ವಾಂಸರು ೨೦೦೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಂಪತಿಗಳಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ನೂರಕ್ಕೆ ೬೭ರಷ್ಟು, ಗೆಳೆಯನು ಬಿಟ್ಟರೆ ೩೬ರಷ್ಟು, ಒಡಹುಟ್ಟಿದವರು ಬಿಟ್ಟರೆ ೨೫ರಷ್ಟು ತಗ್ಗಿತು. ಜನರು ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಬಿಟ್ಟರು. ಓಣಿಯ ಜನವೆಲ್ಲ ಒಟ್ಟಿಗೆ ಜೋಳಿಗೆಯ ಮುಂದೆ ನಿಂತದ್ದು ಇದಕ್ಕೆ ಮೂವತ್ತಮೂರು ವರ್ಷ ಹಿಂದೆ.

ಸರ್ಕಾರವೂ ಸುಮ್ಮನಿರಲಿಲ್ಲ. ೨೦೦೩ರಲ್ಲಿ ಕಾಯಿದೆ ಬಂದಿತು. ೨೦೦೮ರ ಅಕ್ಟೋಬರ್ ೨ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ಜಾರಿಯಾದುವು. ೨೦೧೩ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಬಿಡಬಯಸುವವರಿಗೆ ೨೦೦೨ರಲ್ಲಿ ದೇಶದ ೧೩ ಕಡೆ ಚಿಕಿತ್ಸಾಲಯಗಳು ತೆರೆದುವು, ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದು. ೨೦೧೬ರಲ್ಲಿ ದೂರವಾಣಿಯ ಮೂಲಕ ಉಚಿತ ಸಲಹೆ ಮೊದಲಾಗಿ, ಮುಂದೆ ನಿಮ್ಹಾನ್ಸಿನಿಂದ ಕನ್ನಡದಲ್ಲಿಯೂ ದೊರೆಯುವಂತಾಯಿತು. ೨೦೦೯-೧೦ರಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ೨೮.೨ ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಸೇವಿಸುತ್ತಿದ್ದರು. ೨೦೧೬-೧೭ರ ಗಣತಿಯಲ್ಲಿ ಅದು ೨೨.೮ಕ್ಕೆ ಇಳಿದಿದ್ದಿತು. ಈ ಇಳಿಕೆಯಲ್ಲಿ ಕಾಯಿದೆಯ ಪಾಲೆಷ್ಟು, ಮನೆಯವರ ಪಾಲೆಷ್ಟು ಎಂದು ತೂಗಿ ಹೇಳುವ ತಕ್ಕಡಿಯಿಲ್ಲ. ವಿಜಾಪುರದಿಂದ ರತ್ನದ ಕೊಳವೆ ಹೊರಟು ನಾಲ್ಕುನೂರು ವರ್ಷಗಳಾದ ಮೇಲೆ, ೨೦೨೪ರ ಫೆಬ್ರವರಿಯಲ್ಲಿ, ಕರ್ನಾಟಕ ಸರ್ಕಾರ ಹುಕ್ಕಾದ ಮಾರಾಟವನ್ನೂ ಸೇವನೆಯನ್ನೂ ನಿಷೇಧಿಸಿತು. ಮಹಾಂತಶಿವಯೋಗಿಗಳ ಜನ್ಮದಿನವಾದ ಆಗಸ್ಟ್ ೧ನ್ನು ಅದೇ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಈ ಸೀಮೆಯ ಮಠಗಳಲ್ಲಿ ಜೋಳಿಗೆ ಇನ್ನೂ ಹೊರಡುತ್ತದೆ.