ಪ್ರಭಾತ ಫಿಲ್ಮ್ ಕಂಪನಿ: ಒಂದು ಪಾಲುಗಾರಿಕೆಯ ಇತಿಹಾಸ

ಪುಣೆಯ ಪ್ರಭಾತ ರಸ್ತೆಯಲ್ಲಿ ನಿತ್ಯವೂ ಓಡಾಡುವ ಕನ್ನಡಿಗರು ಅನೇಕರಿದ್ದಾರೆ. ಆ ರಸ್ತೆಗೆ ಹೆಸರನ್ನಿತ್ತ ಫಿಲ್ಮ್ ಕಂಪನಿಯ ಚಿತ್ರಗಳ ಗುಣದೋಷಗಳನ್ನು ಕುರಿತು ಮರಾಠಿಯಲ್ಲಿಯೂ ಇತರ ಭಾಷೆಗಳಲ್ಲಿಯೂ ಸಾಕಷ್ಟು ವಿವೇಚನೆ ನಡೆದಿದೆ. ಆದರೆ ಐದು ಜನ ಸಾಮಾನ್ಯ ಗೃಹಸ್ಥರು ಕೂಡಿ ತೆರೆದ ಒಂದು ಸಣ್ಣ ವ್ಯವಹಾರಸಂಸ್ಥೆಯೆಂಬ ದೃಷ್ಟಿಯಿಂದ ಅದನ್ನು ನೋಡಿದವರು ವಿರಳ. ಅದು ಯಾವ ಬಂಡವಾಳದ ಬಲದಿಂದ ಬೆಳೆಯಿತು, ಅಷ್ಟು ಬೆಳೆದದ್ದು ಇಪ್ಪತ್ತನಾಲ್ಕು ವರ್ಷಗಳೊಳಗೆ ಏಕೆ ಮುಗಿಯಿತು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಭಾತದ ಬೇರುಗಳಿರುವುದು ಕೊಲ್ಲಾಪುರದಲ್ಲಿ. ಅಲ್ಲಿ ಚಿತ್ರಕಾರ ಬಾಬೂರಾವ್ ಪೇಂಟರರು 1918ರ ಸುಮಾರಿಗೆ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿದ್ದರು. ಪರದೇಶದ ಕ್ಯಾಮರಾ ಕೊಳ್ಳುವ ಶಕ್ತಿ ಇಲ್ಲದುದರಿಂದ ಅವರು ಸ್ವದೇಶಿ ಕ್ಯಾಮರಾವೊಂದನ್ನು ತಾವೇ ತಯಾರಿಸಿದರು. ಆ ಕೆಲಸದಲ್ಲಿ ಅವರಿಗೆ ನೆರವಾದವರು ವಿಷ್ಣುಪಂತ ದಾಮ್ಲೆಯವರು. ಬಡಗಿಯ ಕೆಲಸದಿಂದ ಹಿಡಿದು ಬಣ್ಣ ಹಚ್ಚುವವರೆಗೆ, ನಟನೆಯಿಂದ ಹಿಡಿದು ಫಿಲ್ಮು ತೊಳೆಯುವವರೆಗೆ ಎಲ್ಲವನ್ನೂ ಕೈಯಿಂದ ಮಾಡಿ ಕಲಿಯುವ ಗುರುಕುಲವಾಗಿತ್ತು ಅದು. ದಾಮ್ಲೆ, ಎಸ್. ಫತ್ತೇಲಾಲ್, ವ್ಹಿ. ಶಾಂತಾರಾಮ್ ಮತ್ತು ಕೇಶವರಾವ್ ಧಾಯಬರ್, ಈ ನಾಲ್ವರೂ ಆ ಗರಡಿಯಲ್ಲಿ ಪಳಗಿದವರು. ಹಣದ ವ್ಯವಸ್ಥೆಗೆ ಕೊಲ್ಲಾಪುರದ ಸರಾಫ ಸೀತಾರಾಮಪಂತ ಕುಲಕರ್ಣಿಯವರು ಇವರೊಡನೆ ಕೂಡಿಕೊಂಡರು. ಹೀಗೆ 1929ರ ಜೂನ್ 1ರಂದು ಪ್ರಭಾತ ಫಿಲ್ಮ್ ಕಂಪನಿ ಅಸ್ತಿತ್ವಕ್ಕೆ ಬಂದಿತು.

ಈ ಪಾಲುಗಾರಿಕೆಯ ಸ್ವರೂಪವನ್ನು ಗಮನಿಸಬೇಕು. ನಿರ್ದೇಶನ ಶಾಂತಾರಾಮರದು, ಛಾಯಾಗ್ರಹಣ ಧಾಯಬರರದು, ಕಲಾವಿನ್ಯಾಸ ಫತ್ತೇಲಾಲರದು, ಯಂತ್ರ ಮತ್ತು ಮುಂದೆ ಧ್ವನಿಯ ಭಾಗ ದಾಮ್ಲೆಯವರದು, ಲೆಕ್ಕ ಕುಲಕರ್ಣಿಯವರದು. ಚಿತ್ರವೊಂದರ ಖರ್ಚಿನಲ್ಲಿ ಯಾವ ಕುಶಲಕರ್ಮಗಳಿಗೆ ಅತಿ ಹೆಚ್ಚು ಸಂಬಳ ತೆರಬೇಕಾಗುವುದೋ ಅವನ್ನೆಲ್ಲ ಮಾಲಿಕರೇ ಮಾಡುತ್ತಿದ್ದರು. ಆದ್ದರಿಂದ ಕೈಯಲ್ಲಿದ್ದ ಅಲ್ಪ ಹಣವು ಸಾಮಗ್ರಿಗೂ ಫಿಲ್ಮಿಗೂ ಒದಗಿತು. ಬಂದ ಲಾಭವು ಮುಂದಿನ ಚಿತ್ರಕ್ಕೆ ಮೂಲಧನವಾಯಿತು. ‘ಗೋಪಾಲಕೃಷ್ಣ’ ಮೊದಲ್ಗೊಂಡು ಆರು ಮೂಕಚಿತ್ರಗಳು ಈ ಪದ್ಧತಿಯಿಂದಲೇ ಹೊರಬಂದವು. ಸಾಲದ ಅರ್ಜಿಗಳನ್ನು ಪರಿಶೀಲಿಸುವ ವೃತ್ತಿಯಲ್ಲಿರುವ ಈ ಲೇಖಕನಿಗೆ ಇಂಥ ಅರ್ಜಿ ಬಂದಿದ್ದರೆ, ಅಡವಿಡಲು ಇವರಲ್ಲಿ ಏನಿದೆಯೆಂಬ ಪ್ರಶ್ನೆಯೇ ಮೊದಲು ಏಳುತ್ತಿತ್ತು. ಇವರಲ್ಲಿದ್ದುದು ಹತ್ತು ಕೈಗಳು ಮಾತ್ರ. ಅಢಾವೆ ಪತ್ರಿಕೆಯ ಯಾವ ಅಂಕಣದಲ್ಲಿಯೂ ಅವನ್ನು ಬರೆಯಲು ಬರುವುದಿಲ್ಲ.

1931ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ‘ಆಲಂ ಆರಾ’ ತೆರೆಕಂಡೊಡನೆ ಮೂಕಚಿತ್ರದ ಕಾಲ ಮುಗಿಯಿತು. ಧ್ವನಿಯಂತ್ರದ ವೆಚ್ಚವನ್ನು ಹೊರಲಾರದೆ ಎಷ್ಟೋ ಸಣ್ಣ ಕಂಪನಿಗಳು ಅಳಿದವು. ಪ್ರಭಾತವು 1932ರಲ್ಲಿ ‘ಅಯೋಧ್ಯೇಚಾ ರಾಜಾ’ ಎಂಬ ತನ್ನ ಮೊದಲ ವಾಕ್ಚಿತ್ರವನ್ನು ಮರಾಠಿ ಮತ್ತು ಹಿಂದಿ ಎರಡರಲ್ಲಿಯೂ ತಯಾರಿಸಿತು. ಗೋವಿಂದರಾವ್ ಟೇಂಬೆಯವರೂ ದುರ್ಗಾ ಖೋಟೆಯವರೂ ಮುಖ್ಯ ಪಾತ್ರಗಳಲ್ಲಿದ್ದರು. ಅವೇ ಮಂಟಪಗಳು, ಅವೇ ಉಡುಪುಗಳು, ಬಹುಮಟ್ಟಿಗೆ ಅವರೇ ನಟರು, ಆದರೆ ಮಾರುಕಟ್ಟೆಗಳು ಎರಡು. ಮಾತು ಬಂದುದರಿಂದ ಭಾಷೆಯ ಗಡಿಯೊಳಗೆ ಸಿಲುಕಿದ ಚಿತ್ರವ್ಯಾಪಾರಕ್ಕೆ ಇದು ಯೋಗ್ಯವಾದ ಪರಿಹಾರವಾಗಿತ್ತು. ಮುಂದೆ ‘ಸೀತಾ ಕಲ್ಯಾಣಂ’ ಎಂಬ ತಮಿಳು ಚಿತ್ರವನ್ನೂ ಈ ಕಂಪನಿ ತಯಾರಿಸಿತು.

ಕನ್ನಡದ ಸಂಗತಿಯೊಂದನ್ನು ಇಲ್ಲಿಯೇ ಸ್ಮರಿಸಬೇಕು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಚಿತ್ರೀಕರಣ ನಡೆದುದು ಇದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬಂಡವಾಳ ಬೆಂಗಳೂರಿನ ವರ್ತಕರದು. ಸುಬ್ಬಯ್ಯ ನಾಯಿಡು, ಆರ್. ನಾಗೇಂದ್ರರಾಯರಂಥ ನಟರನ್ನು ಒದಗಿಸಿದುದು ನಮ್ಮ ವೃತ್ತಿರಂಗಭೂಮಿ. ನಮ್ಮಲ್ಲಿ ಇಲ್ಲದಿದ್ದುದು ಪಳಗಿದ ಕುಶಲಕರ್ಮಿಗಳ ನೆಲೆಯೊಂದೇ. ಆ ಕೊರತೆಯ ದೆಸೆಯಿಂದ ಕನ್ನಡ ಚಿತ್ರಗಳು ದೀರ್ಘಕಾಲ ಕೊಲ್ಲಾಪುರ, ಮದರಾಸುಗಳ ಬಾಗಿಲು ಕಾಯಬೇಕಾಯಿತು.

1933ರಲ್ಲಿ ಪ್ರಭಾತವು ಪುಣೆಗೆ ಸ್ಥಳಾಂತರಗೊಂಡಿತು. ಮುಂಬಯಿಯ ಮಾರುಕಟ್ಟೆ ಅಲ್ಲಿಗೆ ಸಮೀಪ. ವಿಶಾಲವಾದ ಭೂಮಿಯಲ್ಲಿ ಚಿತ್ರೀಕರಣಶಾಲೆ, ರಸಾಯನಶಾಲೆ, ಧ್ವನಿವಿಭಾಗ ಎಲ್ಲವೂ ಒಂದೇ ಆವರಣದಲ್ಲಿ ಎದ್ದುನಿಂತವು. ನಟನಟಿಯರೂ ಗಾಯಕರೂ ಕುಶಲಿಗರೂ ತಿಂಗಳ ಸಂಬಳದ ಮೇಲಿದ್ದರು. ಅದೇ ವರುಷ ‘ಸೈರಂಧ್ರಿ’ಯನ್ನು ವರ್ಣದಲ್ಲಿ ತೆಗೆದು ಸಂಸ್ಕರಣಕ್ಕೆ ಜರ್ಮನಿಗೆ ಕಳುಹಿಸಿದ ಸಾಹಸವು ಫಲಿಸಲಿಲ್ಲವಾದರೂ ಕಂಪನಿ ಆ ಪೆಟ್ಟನ್ನು ತಾಳಿಕೊಂಡಿತು. ಪುಣೆಯಲ್ಲಿ ತಯಾರಾದ ಮೊದಲ ಚಿತ್ರ ‘ಅಮೃತಮಂಥನ’ 1934ರಲ್ಲಿ ಅಪಾರ ಯಶಸ್ಸನ್ನು ಗಳಿಸಿತು. ಆದರೆ ಸಣ್ಣ ಕಂಪನಿಗೆ ದೊಡ್ಡ ಮನೆ ಬಂದಾಗ ಒಂದು ಹೊಸ ಭಾರವೂ ಜೊತೆಗೆ ಬರುತ್ತದೆ. ಚಿತ್ರವಿರಲಿ, ಇಲ್ಲದಿರಲಿ, ತಿಂಗಳ ಕೊನೆಗೆ ಸಂಬಳ ಕೊಡಲೇಬೇಕು. ಕೊಲ್ಲಾಪುರದಲ್ಲಿ ಚಿತ್ರಕ್ಕಾಗಿ ಸ್ಟುಡಿಯೋ ಇತ್ತು. ಪುಣೆಯಲ್ಲಿ ಸ್ಟುಡಿಯೋದ ಸಲುವಾಗಿಯೂ ಚಿತ್ರ ತೆಗೆಯಬೇಕಾದ ಕಾಲ ಬಂದಿತು.

ಕೈಗಳು ಕೂಡಿರುವ ತನಕ ಆ ಭಾರ ಯಾರಿಗೂ ತಿಳಿಯಲಿಲ್ಲ. ಒಂದು ಕಡೆ ಶಾಂತಾರಾಮರು ‘ಕುಂಕೂ’ (1937), ‘ಮಾಣೂಸ್’ (1939), ‘ಶೇಜಾರಿ’ (1941) ಚಿತ್ರಗಳಲ್ಲಿ ವಿಷಮವಿವಾಹ, ವೇಶ್ಯಾಜೀವನ, ಹಿಂದೂ-ಮುಸ್ಲಿಂ ನೆರೆಹೊರೆಯಂಥ ಸಮಕಾಲೀನ ಪ್ರಶ್ನೆಗಳನ್ನು ಎತ್ತಿಕೊಂಡರು. ಮತ್ತೊಂದು ಕಡೆ ದಾಮ್ಲೆ ಮತ್ತು ಫತ್ತೇಲಾಲರ ಜೋಡಿಯು 1936ರಲ್ಲಿ ‘ಸಂತ ತುಕಾರಾಮ’ವನ್ನು ನಿರ್ಮಿಸಿತು. ವಾರಕರಿ ಸಂತನ ಜೀವನವನ್ನು ನಿರ್ದೇಶಿಸಿದ ಇಬ್ಬರಲ್ಲಿ ಒಬ್ಬರು ಮುಸ್ಲಿಮರೆಂಬುದು ಅಂದು ಯಾರಿಗೂ ವಿಶೇಷವಾಗಿ ತೋರದಷ್ಟು ಸಹಜವಾಗಿತ್ತೆನ್ನಬೇಕು. ಆ ಚಿತ್ರವು ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. 1937ರಲ್ಲಿ ವೆನಿಸ್ ಚಿತ್ರೋತ್ಸವದ ಮನ್ನಣೆಗೂ ಪಾತ್ರವಾಯಿತು.

ಮುಂದಿನದು ಕೈಗಳು ಬಿಚ್ಚಿಹೋದ ಕಥೆ. ಮೊದಲು ಧಾಯಬರರು ಹೊರಬಿದ್ದರು. 1942ರಲ್ಲಿ ಶಾಂತಾರಾಮರು ಹೊರಟು ಮುಂಬಯಿಯ ಪರಳದಲ್ಲಿ ರಾಜಕಮಲ ಕಲಾಮಂದಿರವನ್ನು ಕಟ್ಟಿದರು. 1945ರಲ್ಲಿ ದಾಮ್ಲೆಯವರು ತೀರಿಕೊಂಡರು. ಭೂಮಿ, ಕಟ್ಟಡ, ಯಂತ್ರ ಯಾವುದೂ ಕಡಿಮೆಯಾಗಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಕಂಪನಿ ಮೊದಲಿನಂತೆಯೇ ಸಂಪನ್ನವಾಗಿ ಕಂಡಿರಬೇಕು. ಗಜಾನನ ಜಾಗೀರದಾರರ ನಿರ್ದೇಶನದ ‘ರಾಮಶಾಸ್ತ್ರಿ’ (1944) ಹಳೆಯ ಕೀರ್ತಿಗೆ ತಕ್ಕುದಾಗಿಯೇ ಬಂದಿತು. ಆದರೂ ಸಂಬಳವಿಲ್ಲದೆ ದುಡಿಯುತ್ತಿದ್ದ ಮಾಲಿಕರ ಸ್ಥಾನದಲ್ಲಿ ಸಂಬಳದ ನಿರ್ದೇಶಕರನ್ನಿಟ್ಟಾಗ ಮೂಲದ ಗಣಿತವೇ ತಲೆಕೆಳಗಾಯಿತು. 1953ರಲ್ಲಿ ಕಂಪನಿ ಮುಚ್ಚಿತು.

ಇದು ಪಾಲುಗಾರಿಕೆಯೆಂಬ ರೂಪದ ದೋಷವೆಂದು ಕೆಲವರು ಹೇಳಬಹುದು. 1932ರ ಭಾರತೀಯ ಪಾಲುಗಾರಿಕೆ ಕಾಯಿದೆಯ ಮೇರೆಗೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಪಾಲುಗಾರನೊಬ್ಬನ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುವುದು ನಿಜ. ಆದರೆ ಸಮಕಾಲೀನವಾದ ಬಾಂಬೆ ಟಾಕೀಸಿನ ಉದಾಹರಣೆ ಈ ವಾದಕ್ಕೆ ಅಡ್ಡಬರುತ್ತದೆ. ಹಿಮಾಂಶು ರಾಯರು 1934ರಲ್ಲಿ ಅದನ್ನು ಷೇರುಬಂಡವಾಳದ ಕಂಪನಿಯಾಗಿಯೇ ಸ್ಥಾಪಿಸಿದ್ದರು. 1940ರಲ್ಲಿ ಅವರು ತೀರಿಕೊಂಡರು. 1943ರಲ್ಲಿ ಶಶಧರ ಮುಖರ್ಜಿಯವರ ಬಳಗವು ಬೇರ್ಪಟ್ಟು ಫಿಲ್ಮಿಸ್ತಾನವನ್ನು ತೆರೆಯಿತು. 1954ರ ಹೊತ್ತಿಗೆ ಬಾಂಬೆ ಟಾಕೀಸೂ ಮುಗಿಯಿತು. ಕಾನೂನಿನ ರೂಪಗಳು ಬೇರೆ, ಗತಿ ಒಂದೇ. ಕೊರತೆಯಿದ್ದುದು ಉತ್ತರಾಧಿಕಾರದಲ್ಲಿ ಎಂದು ನಮ್ಮ ಅಭಿಪ್ರಾಯ. ಬಾಬೂರಾವ್ ಪೇಂಟರರ ಶಿಷ್ಯರು ಗುರುವಿನ ಮನೆಯಲ್ಲಿ ಕಲಿತರು, ಆದರೆ ಮಾಲಿಕರಾದುದು ಆ ಮನೆಯನ್ನು ಬಿಟ್ಟು ಹೊರಗೆ ಬಂದ ಮೇಲೆ. ತಮ್ಮ ಶಿಷ್ಯರ ವಿಷಯದಲ್ಲಿ ಪ್ರಭಾತದವರೂ ಇದಕ್ಕಿಂತ ಭಿನ್ನವಾಗಿ ನಡೆಯಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ ಪಡುಕೋಣೆ 1944ರಲ್ಲಿ ಮೂರು ವರುಷಗಳ ಕರಾರಿನ ಮೇಲೆ ಅಲ್ಲಿ ಸೇರಿದರು. ದೇವಾನಂದರ ಮೊದಲ ಚಿತ್ರವೂ (1946) ಪ್ರಭಾತದ್ದೇ. ಇಬ್ಬರೂ ಅಲ್ಲಿ ಕಲಿತು, ಮುಂಬಯಿಯಲ್ಲಿ ಬೆಳೆದರು. ಕಲಿಸುವ ವಿದ್ಯೆ ಕಂಪನಿಗೆ ಕರಗತವಾಗಿತ್ತು, ಆದರೆ ಕಲಿತವನಿಗೆ ಪಾಲು ಕೊಡುವ ಪದ್ಧತಿ ಬೆಳೆಯಲಿಲ್ಲ.

ಹಾಗಿದ್ದೂ ಕಡೆಗೆ ಉಳಿದುದು ಆ ಕಲಿಸುವ ಕೆಲಸವೇ. 1960ರಲ್ಲಿ ಭಾರತ ಸರ್ಕಾರವು ಪ್ರಭಾತದ ಅದೇ ಆವರಣದಲ್ಲಿ ಚಲನಚಿತ್ರ ಶಿಕ್ಷಣಸಂಸ್ಥೆಯನ್ನು ತೆರೆಯಿತು. 1974-75ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಅಲ್ಲಿ ಕಲಿತು ಬಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿ ಕನ್ನಡಕ್ಕೆ ಸ್ವರ್ಣಕಮಲವನ್ನು ತಂದರು. 1934ರಲ್ಲಿ ಪಳಗಿದ ಕೈಗಳನ್ನರಸಿ ಕೊಲ್ಲಾಪುರಕ್ಕೆ ಹೋದ ಕನ್ನಡ ಚಿತ್ರವು ನಾಲ್ಕು ದಶಕಗಳ ತರುವಾಯ ಅದೇ ಪರಂಪರೆಯ ನೆಲದಿಂದ ತನ್ನದೇ ಕೈಗಳನ್ನು ಪಡೆದುಕೊಂಡಿತು.

ಹೊರನಾಡಿನ ನಮ್ಮ ಸಂಘಗಳ ಇತಿಹಾಸವೂ ಹೆಚ್ಚಾಗಿ ಐದಾರು ಜನರ ಸಂಬಳವಿಲ್ಲದ ದುಡಿಮೆಯಿಂದಲೇ ಆರಂಭವಾಗುತ್ತದೆ. ಮೊದಲು ಬಾಡಿಗೆಯ ಕೋಣೆ, ಬಳಿಕ ನಿವೇಶನ, ಆಮೇಲೆ ಸಭಾಗೃಹ. ಅದರ ಹಿಂದೆಯೇ ಸಭಾಗೃಹವನ್ನು ನಡೆಸುವ ಖರ್ಚು. ಕಟ್ಟಡನಿಧಿಯ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುತ್ತೇವೆ. ಈ ವರುಷ ಎಷ್ಟು ಮಂದಿ ತರುಣರಿಗೆ ಕೆಲಸವನ್ನು ಕಲಿಸಿದೆವು, ಅವರಲ್ಲಿ ಎಷ್ಟು ಮಂದಿಗೆ ಸಹಿಮಾಡುವ ಅಧಿಕಾರವನ್ನೂ ಕೊಟ್ಟೆವು ಎಂಬ ಲೆಕ್ಕವನ್ನೂ ಅದೇ ಸಭೆಯಲ್ಲಿ ಓದುವುದು ಉಚಿತ.